ಅಟ್ಟದ ಕೆಳಗೆ ಹನ್ನೆರಡು ತುಂಡು ಸಾಲ್ಮನ್

ನೋಟ್‌ಬುಕ್ಕಿನ ಆ ಪುಟದಲ್ಲಿ ಐದು ಕಲಂ ಎಳೆದಿದ್ದೆ: ತಾರೀಕು, ಎಷ್ಟನೆಯ ತುಂಡು, ಉಷ್ಣತೆ, ನಿಮಿಷ, ಅಪ್ಪ ತಿಂದ ತುತ್ತು. ಮೊದಲ ಸಾಲು ಮೇ ಇಪ್ಪತ್ತೇಳು, ಬುಧವಾರದ್ದು. ಅದರ ಕೊನೆಯ ಕಲಮಿನಲ್ಲಿ ಸೊನ್ನೆ ಇದೆ.

ನೊಣವಿನಕೆರೆಯಿಂದ ಮೂರು ಕಿಲೋಮೀಟರ್ ಒಳಗಿರುವ ನಮ್ಮೂರಿನ ಹಾಲಿನ ಸೊಸೈಟಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ನನ್ನದು. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಐದೂವರೆಗೊಮ್ಮೆ ಶಟರ್ ಎತ್ತಿ, ಒಬ್ಬೊಬ್ಬರ ಹಾಲಿನ ತೂಕ, ಕೊಬ್ಬಿನಂಶ, ಲ್ಯಾಕ್ಟೋಮೀಟರಿನ ಡಿಗ್ರಿ ಬರೆದುಕೊಳ್ಳುತ್ತೇನೆ. ಬರೆಯುವ ಚಟ ಕೆಲಸಕ್ಕಿಂತ ಹಳೆಯದು. ಗ್ಯಾಸ್ ಸಿಲಿಂಡರ್ ಎಷ್ಟು ದಿನ ಬಂತು, ಬಾವಿಕಟ್ಟೆಯ ತೆಂಗಿನ ಮರದಿಂದ ತಿಂಗಳಿಗೆ ಎಷ್ಟು ಗರಿ ಬಿತ್ತು, ಕಪ್ಪು ಹಸು ಯಾವತ್ತು ಬೆದೆಗೆ ಬಂತು, ಎಲ್ಲ ಬರೆದಿಟ್ಟಿದ್ದೇನೆ. ಯಾರೂ ಕೇಳಿದ್ದಲ್ಲ. ಬರೆದರೆ ಕೈಗೆ ಸಿಕ್ಕಿತು ಅನ್ನಿಸುತ್ತದೆ, ಅಷ್ಟೆ.

ಫೆಬ್ರವರಿಯಲ್ಲಿ ಅಪ್ಪನಿಗೆ ಎದೆನೋವು ಬಂದು ತುಮಕೂರಿನ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಮನೆಗೆ ಕರೆತಂದ ದಿನ ಸೊಸೈಟಿಯ ತಕ್ಕಡಿಯ ಮೇಲೆ, ಹಸುಗಳ ಹಿಂಡಿ ಮೂಟೆ ತೂಗುವ ಆ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ, ಅಪ್ಪನನ್ನು ನಿಲ್ಲಿಸಿದ್ದೆ. ಅರವತ್ತೆಂಟು ಕೆ.ಜಿ. ಮಾರ್ಚಿನ ಕೊನೆಗೆ ಅರವತ್ತೈದಾಯಿತು. ಮೇ ಇಪ್ಪತ್ತನಾಲ್ಕರ ಭಾನುವಾರ ಅರವತ್ತೊಂದು ಕೆ.ಜಿ. ಎಂಟುನೂರು ಗ್ರಾಂ. ಹಾಲು ಹಾಕಲು ಬಂದಿದ್ದ ಪಕ್ಕದ ತೋಟದ ದೊಡ್ಡಪ್ಪ ಕ್ಯಾನು ಹಿಡಿದು ನಿಂತು ನೋಡಿ, ಇವಳು ಅಪ್ಪನ ಕೊಬ್ಬಿನಂಶವನ್ನೂ ಬರೆದು ಚೀಟಿ ಕೊಡ್ತಾಳೆ ಕಣ್ಲಾ ಎಂದು ಹಿಂದಿದ್ದವರಿಗೆ ಹೇಳಿದರು. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ತಕ್ಕಡಿಯಿಂದ ಇಳಿಯುವಾಗ ನನ್ನ ಭುಜ ಹಿಡಿದುಕೊಂಡರು. ಆ ಕೈ ಎಷ್ಟು ಹಗುರ ಅನ್ನುವುದನ್ನು ಮಾತ್ರ ಯಾವ ಕಲಮಿನಲ್ಲಿ ಬರೆಯಬೇಕೆಂದು ತಿಳಿಯಲಿಲ್ಲ.

ಅಪ್ಪ ತಿನ್ನುತ್ತಿರಲಿಲ್ಲ. ಕಾಯಿಲೆ ಅಂದರೆ ಅಷ್ಟೇ. ಎದೆ ಸರಿಯಾಗಿ ಬಡಿಯುತ್ತಿತ್ತು, ಬಿ.ಪಿ. ಸರಿಯಿತ್ತು, ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ತಟ್ಟೆಯ ಮುಂದೆ ಕೂತರೆ ಮುದ್ದೆಯ ಒಂದು ಬದಿ ಮುರಿದು, ಸಾರಿನಲ್ಲಿ ಅದ್ದಿ, ನಾಲ್ಕು ತುತ್ತು ನುಂಗಿ ಏಳುತ್ತಿದ್ದರು. ತೆಂಗಿನಕಾಯಿ ಹಾಕದ ಸಾರು. ನಮ್ಮ ಕಡೆಯ ಅಡುಗೆಯಿಂದ ಕಾಯಿ ತೆಗೆದರೆ ಉಳಿಯುವುದೇನು? ಅಮ್ಮ ಮೂರು ತಿಂಗಳಿಂದ ಚಟ್ನಿ ಅರೆದಿರಲಿಲ್ಲ, ಪಲ್ಯಕ್ಕೆ ತುರಿ ಉದುರಿಸಿರಲಿಲ್ಲ. ಮನೆಯ ಹಿಂದೆ ಕೊಬ್ಬರಿ ಮನೆಯ ಅಟ್ಟದ ತುಂಬ ಕಾಯಿ ಒಣಗುತ್ತಿದ್ದವು, ಒಲೆಯ ಮೇಲೆ ಬರೀ ನೀರಿನಂಥ ಸಾರು ಕುದಿಯುತ್ತಿತ್ತು. ಅಡುಗೆಮನೆಯ ಗೋಡೆಯ ಮೇಲೆ ನಾನೇ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ ಪಟ್ಟಿಯಿತ್ತು. ತೆಂಗಿನಕಾಯಿ: ಬೇಡ. ಕೊಬ್ಬರಿ: ಬೇಡ. ಎಣ್ಣೆ: ಬೇಡ. ಮಟನ್: ಬೇಡ. ಬೀಡಿ: ಬೇಡ. ಅಪ್ಪ ದಿನವೂ ಅದರ ಎದುರಿಗೇ ಕೂತು ತಿನ್ನುತ್ತಿದ್ದರು.

ಮೇ ತಿಂಗಳ ಭೇಟಿಯಲ್ಲಿ ಆಸ್ಪತ್ರೆಯ ಡಾಕ್ಟರಮ್ಮ ತೂಕ ನೋಡಿ ಕನ್ನಡಕ ತೆಗೆದರು. ಇಷ್ಟು ಇಳಿಯಬಾರದು, ಮಾಂಸಖಂಡ ಕರಗುತ್ತಿದೆ, ಬೇಳೆ ಮೊಟ್ಟೆ ಮೀನು ತಿನ್ನಬೇಕು, ಮೀನಿನಲ್ಲೂ ಸಾಲ್ಮನ್‌ನಂಥ ಕೊಬ್ಬಿನ ಮೀನು ಸಿಕ್ಕರೆ ಒಳ್ಳೆಯದು, ಕರಿಯದೆ ಬೇಯಿಸಿ ಕೊಡಿ ಎಂದರು. ಜುಲೈ ಎರಡಕ್ಕೆ ಮತ್ತೆ ಬರಬೇಕು. ಅಷ್ಟರಲ್ಲಿ ಅರವತ್ತರ ಕೆಳಗೆ ಹೋದರೆ ಅಡ್ಮಿಟ್ ಮಾಡಿಕೊಂಡು ಎಲ್ಲ ಪರೀಕ್ಷೆಯನ್ನೂ ಮೊದಲಿಂದ ಮಾಡಬೇಕಾಗುತ್ತದೆ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಒಂದೇ ಮಾತು ಆಡಿದ್ದು.

‘ಆ ಮಂಚಕ್ಕೆ ನಾನು ಇನ್ನೊಂದು ಸಲ ಹೋಗಲ್ಲ ಕಣವ್ವ. ಏನಾದ್ರೂ ಆಗ್ಲಿ, ಮನೇಲೇ ಆಗ್ಲಿ.’

ಆ ಮಾತು ಕೇಳಿದ ಮೇಲೆ ನನಗೆ ಒಂದು ಕಡೆ ಕೂರಲು ಆಗಲಿಲ್ಲ. ಅರವತ್ತು ಎಂಬ ಅಂಕಿ ಹಾಲು ತೂಗುವಾಗ, ಸ್ನಾನ ಮಾಡುವಾಗ, ಹಸುವಿಗೆ ಹುಲ್ಲು ಹಾಕುವಾಗ ಎದುರು ನಿಲ್ಲುತ್ತಿತ್ತು. ಒಂದು ಕೆ.ಜಿ. ಎಂಟುನೂರು ಗ್ರಾಂ ಉಳಿದಿದೆ, ವಾರಕ್ಕೆ ಅರ್ಧ ಕೆ.ಜಿ. ಹೋಗುತ್ತಿದೆ, ಆರು ವಾರ ಇದೆ. ಲೆಕ್ಕ ಮಾಡಿದಷ್ಟು ಸಲವೂ ಜೂನ್ ಮೂರನೇ ವಾರಕ್ಕೆ ಅರವತ್ತು ದಾಟಿ ಕೆಳಗೆ ಹೋಗುತ್ತಿತ್ತು.

ತುಮಕೂರಿನ ಹಾಸ್ಟೆಲೊಂದರಲ್ಲಿ ಅಡುಗೆ ಉಸ್ತುವಾರಿ ನೋಡಿಕೊಳ್ಳುವ ಅಕ್ಕ ಆ ಭಾನುವಾರವೇ ಬಂದಳು. ಒಂದು ಕೈಯಲ್ಲಿ ತಾನು ಬಳಸಿದ್ದ ಏರ್ ಫ್ರೈಯರ್, ಇನ್ನೊಂದರಲ್ಲಿ ಥರ್ಮಾಕೋಲ್ ಡಬ್ಬಿ. ಡಬ್ಬಿಯಲ್ಲಿ ಮಂಜುಗಡ್ಡೆಯ ನಡುವೆ ಹನ್ನೆರಡು ತುಂಡು ಸಾಲ್ಮನ್, ಒಂದೊಂದೂ ಅಂಗೈಯಗಲ, ಒಂದು ಬದಿಗೆ ಬೆಳ್ಳಿಯ ಬಣ್ಣದ ಚರ್ಮ. ವಾರಕ್ಕೆ ಎರಡರಂತೆ ಆರು ವಾರಕ್ಕೆ ಸರಿಯಾಗುತ್ತದೆಂದು ಅವಳೂ ಲೆಕ್ಕ ಹಾಕಿಯೇ ತಂದಿದ್ದಳು. ನೊಣವಿನಕೆರೆಯ ಕೆರೆಯಿಂದ ಬರುವ ಕಾಟ್ಲಾ, ಜಿಲೇಬಿ ಮೀನು ಬಿಟ್ಟು ಬೇರೆ ಮೀನು ಕಾಣದ ಅಮ್ಮ ಒಂದನ್ನು ಬೆಳಕಿಗೆ ಹಿಡಿದು ನೋಡಿ, ಇದೇನೇ ಕುಂಬಳಕಾಯಿ ಬಣ್ಣ ಎಂದಳು.

ಅಕ್ಕ ಹೇಳಿದ್ದನ್ನು ಬರೆದುಕೊಂಡೆ. ಹಿಂದಿನ ದಿನವೇ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸಬೇಕು. ಬಟ್ಟೆಯಿಂದ ತೇವ ಒತ್ತಿ ತೆಗೆಯಬೇಕು. ಮೆಣಸಿನ ಪುಡಿ, ಅರಿಶಿನ, ಬೆಳ್ಳುಳ್ಳಿ, ನಿಂಬೆರಸ, ಚಿಟಿಕೆ ಉಪ್ಪು ಸವರಬೇಕು. ಎಣ್ಣೆ ಬೇಡವೇ ಬೇಡ, ಮೀನಿನದೇ ಸಾಕು. ಮೂರು ನಿಮಿಷ ಖಾಲಿ ಕಾಯಿಸಿ, ಚರ್ಮ ಕೆಳಗೆ ಮಾಡಿ ಇಟ್ಟು, ನೂರ ತೊಂಬತ್ತು ಡಿಗ್ರಿಯಲ್ಲಿ ಎಂಟರಿಂದ ಹತ್ತು ನಿಮಿಷ.

ಮೊದಲ ತೊಡಕು ಬಂದದ್ದು ಏರ್ ಫ್ರೈಯರ್ ಇಡುವ ಜಾಗಕ್ಕೆ. ನಮ್ಮ ಮನೆಯಲ್ಲಿ ಮಾಂಸ ಮೀನು ತಿನ್ನುತ್ತೇವೆ, ಆದರೆ ಒಳಗಿನ ಒಲೆಯ ಮೇಲೆ ಬೇಯಿಸುವುದಿಲ್ಲ. ಅಡುಗೆಮನೆಯ ಗೂಡಿನಲ್ಲೇ ಮನೆದೇವರಿದೆ. ಅದಕ್ಕೆಂದೇ ದನದ ಕೊಟ್ಟಿಗೆಯ ಪಕ್ಕ ಬೇರೆ ಒಲೆ, ಬೇರೆ ಪಾತ್ರೆ. ಸೋಮವಾರ, ಶನಿವಾರ ಅದೂ ಇಲ್ಲ. ಬುಧವಾರ, ಭಾನುವಾರ ಎಂದು ದಿನಗಳು ಸುಲಭವಾಗಿ ನಿಗದಿಯಾದವು. ಆದರೆ ಹೊರಗಿನ ಒಲೆಯ ಹತ್ತಿರ ಪ್ಲಗ್ ಇಲ್ಲ. ಇದು ಒಲೆಯೇ ಅಲ್ಲವಲ್ಲ, ಬೆಂಕಿಯಿಲ್ಲ, ಗಾಳಿ ಅಷ್ಟೇ, ಒಳಗಿಟ್ಟರೇನು ಎಂದು ಅಕ್ಕ ವಾದಿಸಿದಳು. ಗಾಳಿಗೆ ವಾಸನೆ ಇರಲ್ವಾ ಎಂದಳು ಅಮ್ಮ. ಇಬ್ಬರೂ ಅರ್ಧ ಗಂಟೆ ಮಾತಾಡಿ, ಕೊನೆಗೆ ಕೊಬ್ಬರಿ ಮನೆಯ ಬಾಗಿಲ ಹತ್ತಿರ, ಅಟ್ಟದ ಕೆಳಗೆ, ದೊಡ್ಡ ಪ್ಲಗ್ ಇರುವ ಜಾಗದಲ್ಲಿ ಸ್ಟೂಲ್ ಹಾಕಿ ಇಟ್ಟೆವು. ಅಪ್ಪ ಹಗಲೆಲ್ಲ ಕೂರುತ್ತಿದ್ದ ಹಗ್ಗದ ಮಂಚವೂ ಅಲ್ಲೇ ಇತ್ತು. ಅವರು ತಲೆಯೆತ್ತಿ ಅಟ್ಟದ ಬಿದಿರಿನ ಸಂದಿಗಳನ್ನು ಒಮ್ಮೆ ನೋಡಿದರು, ಹೊಗೆ ಬಂದರೆ ಎಲ್ಲಿಂದ ಹೋಗುತ್ತದೆ ಎಂದು ನೋಡುವವರಂತೆ.

ಬುಧವಾರ ಮೊದಲ ತುಂಡು ಇಟ್ಟು, ಎಂಟು ನಿಮಿಷಕ್ಕೆ ಗುಂಡಿ ತಿರುಗಿಸಿ, ಹಾಲಿನ ಹೊತ್ತಾಗಿದ್ದರಿಂದ ಅಮ್ಮನಿಗೆ ಒಪ್ಪಿಸಿ ಸೊಸೈಟಿಗೆ ಓಡಿದೆ. ಅಲ್ಲಿ ನಿಲ್ಲಲಾಗಲಿಲ್ಲ. ಇಬ್ಬರ ಡಿಗ್ರಿಯನ್ನು ಅದಲುಬದಲು ಬರೆದು, ಹೊಡೆದು ಹಾಕಿ ಮತ್ತೆ ಬರೆದೆ. ಮುಗಿಸಿ ಬರುವಷ್ಟರಲ್ಲಿ ಒಂದು ಗಂಟೆಯಾಗಿತ್ತು. ತಟ್ಟೆಯಲ್ಲಿ ಕಂದುಬಣ್ಣದ ಚಕ್ಕೆಯೊಂದಿತ್ತು.

ಎಂಟು ನಿಮಿಷಕ್ಕೆ ಅಮ್ಮ ಡ್ರಾಯರ್ ತೆಗೆದು ನೋಡಿದ್ದಾಳೆ. ಬೆರಳಲ್ಲಿ ಒತ್ತಿದರೆ ಮೆತ್ತಗಿದೆ, ಒಳಗಿಂದ ನೀರು ಒಸರಿದೆ. ಅಮ್ಮ ಈ ಮನೆಗೆ ಬಂದ ದಿನದಿಂದ ಕೊಬ್ಬರಿ ಮಾಡುತ್ತಿರುವವಳು. ಗಾಳಿಯಲ್ಲಿ ಒಣಗಿಸುವ ಪದಾರ್ಥದಲ್ಲಿ ನೀರು ಉಳಿದರೆ ಅದು ಕೆಡುತ್ತದೆ, ಅದು ಅವಳಿಗೆ ತಿಳಿದ ಲೋಕದ ನಿಯಮ. ಹನ್ನೊಂದು ತಿಂಗಳು ಅಟ್ಟದ ಮೇಲೆ ಸಿಪ್ಪೆಯೊಳಗೇ ಕೂತ ಕಾಯಿಯ ನೀರೆಲ್ಲ ಆರಿ, ಒಳಗಿನ ಗಿಟುಕು ಚಿಪ್ಪು ಬಿಟ್ಟು ಅಲ್ಲಾಡಿದಾಗಲೇ ಅದನ್ನು ಒಡೆಯುವುದು. ಇದೂ ಬಿಸಿಗಾಳಿಯ ಡಬ್ಬಿ ತಾನೆ? ನೀರು ಆರಲಿ ಎಂದು ಅವಳು ಮತ್ತೆ ಹತ್ತು, ಮತ್ತೆ ಹತ್ತು, ಕೊನೆಗೆ ಇನ್ನೈದು ನಿಮಿಷ ತಿರುಗಿಸಿದ್ದಾಳೆ.

ಅಪ್ಪ ಆ ಚಕ್ಕೆಯನ್ನು ಕೈಗೆತ್ತಿಕೊಂಡರು. ಅಟ್ಟದ ಕಾಯಿ ನೋಡುವಂತೆ ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದರು.

‘ಆಗೈತೆ ಕಣೇ,’ ಎಂದು ಅಮ್ಮನಿಗೆ ಹೇಳಿದರು. ‘ನಾಳೆ ತಿಪಟೂರು ಮಾರ್ಕೆಟ್ಟಿಗೆ ಹಾಕ್ಬಹುದು.’

ಆಸ್ಪತ್ರೆಯಿಂದ ಬಂದ ಮೇಲೆ ಅವರು ಆಡಿದ ಮೊದಲ ತಮಾಷೆ ಅದು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನು ನಗುವ ಬದಲು ನಿಮಿಷದ ಕಲಮಿನಲ್ಲಿ ಮೂವತ್ತಮೂರು ಎಂದು ಬರೆದೆ, ತುತ್ತಿನ ಕಲಮಿನಲ್ಲಿ ಸೊನ್ನೆ. ತುಂಡು ನಾಯಿಗೆ ಹೋಯಿತು. ನಾಯಿಯೂ ಅದನ್ನು ತೊಟ್ಟಿಯ ಹಿಂದಕ್ಕೆ ಒಯ್ದು ಹೂತಿಟ್ಟಿತು.

ಎರಡನೆಯದನ್ನು ಭಾನುವಾರ ನಾನೇ ನಿಂತು ಮಾಡಿದೆ. ನಿಂತೆ ಎನ್ನುವುದು ಸುಳ್ಳು. ಬಾಗಿಲಿಗೂ ಸ್ಟೂಲಿಗೂ ನಡೆದಾಡಿದೆ, ನಡುನಡುವೆ ಡ್ರಾಯರ್ ಎಳೆದೆ. ಎಷ್ಟು ಸಲ ಎಂದು ಅದನ್ನೂ ಬರೆದಿದ್ದೇನೆ: ಹನ್ನೊಂದು. ಪ್ರತಿ ಸಲ ಎಳೆದಾಗಲೂ ಬಿಸಿಯೆಲ್ಲ ನನ್ನ ಮುಖಕ್ಕೆ ಬಂದು ಹೋಗುತ್ತಿತ್ತು. ಹತ್ತು ನಿಮಿಷಕ್ಕೆ ಮೇಲೆ ಬೆಳ್ಳಗಾಗಿ, ಮುರಿದರೆ ನಡುವೆ ಹಸಿ. ಮತ್ತೆ ಇಟ್ಟೆ, ಚೂರುಚೂರಾಯಿತು. ಅಪ್ಪ ಒಂದು ತುತ್ತು ತಿಂದರು. ತೂಕ ಅರವತ್ತೊಂದು, ಇನ್ನೂರು. ಮೂರನೆಯ ತುಂಡಿನ ಹೊತ್ತಿಗೆ ಸರಿಯಾಗಿ ತೋಟಗಳಿಗೆ ಮೋಟರ್ ಕರೆಂಟ್ ಬಂತು. ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದವು, ಬಲ್ಬು ಕೆಂಪಗಾಯಿತು, ಏರ್ ಫ್ರೈಯರಿನ ಫ್ಯಾನು ದಮ್ಮು ಹಿಡಿದವರಂತೆ ಎಳೆಯಿತು. ಆ ತುಂಡು ಬೇಯಿತೋ ಬೆವರಿತೋ ಹೇಳಲಾರೆ. ಎರಡು ತುತ್ತು.

ನಾಲ್ಕನೆಯದಕ್ಕೆ ಎಲ್ಲ ಸಿದ್ಧ ಮಾಡಿಕೊಂಡೆ. ಮೋಟರ್ ಕರೆಂಟಿನ ಹೊತ್ತು ನಾಲ್ಕು ದಿನ ಬರೆದಿಟ್ಟು ಅದನ್ನು ತಪ್ಪಿಸಿದೆ. ಹೊಸ ಥರ್ಮಾಮೀಟರ್ ಒಂದನ್ನು ತರಿಸಿ ತುಂಡಿನ ನಡುವಿಗೆ ಚುಚ್ಚಿದೆ. ಅರವತ್ತಮೂರು ಡಿಗ್ರಿ. ಎರಡು ನಿಮಿಷ ಹಾಗೇ ಬಿಟ್ಟು ಮುರಿದರೆ ಪದರಪದರವಾಗಿ ಬಿಡಿಸಿಕೊಂಡಿತು, ಚರ್ಮ ಹಪ್ಪಳದಂತಾಗಿತ್ತು, ಒಳಗೆ ತೇವ. ನಾನು ಮಂಚದ ಎದುರು ನೋಟ್‌ಬುಕ್ ತೆರೆದು ಕೂತೆ. ಅಪ್ಪ ಒಂದು ತುತ್ತು ತಿಂದರು, ಗೀಟು ಹಾಕಿದೆ. ಎರಡು. ಮೂರು. ನಾಲ್ಕನೆಯದನ್ನು ಬೆರಳಲ್ಲಿ ಹಿಡಿದು, ನನ್ನ ಪೆನ್ನಿನ ಕಡೆ ನೋಡಿ, ತಟ್ಟೆಯ ಅಂಚಿನಲ್ಲಿಟ್ಟರು. ಸಾಕು ಎಂದರು. ಉಳಿದದ್ದನ್ನು ಅಮ್ಮ ತಿಂದಳು. ಚೆನ್ನಾಗೈತೆ ಕಣೇ, ಬೆಣ್ಣೆ ಇದ್ದಂಗೈತೆ ಎಂದಳು. ಮೀನು ಕೆಟ್ಟಿದ್ದರೆ ಸರಿಪಡಿಸಬಹುದಿತ್ತು. ಮೀನು ಚೆನ್ನಾಗಿತ್ತು. ತೂಕ ಅರವತ್ತು, ಏಳುನೂರು.

ಜೂನ್ ಹತ್ತು, ಬುಧವಾರ, ಐದನೆಯ ತುಂಡು. ಸಂಜೆಯ ಹಾಲು ಮುಗಿಸಿ ಬಂದರೆ ಅಪ್ಪ ಮಂಚದ ಮೇಲಿರಲಿಲ್ಲ. ತೋಟದ ಕೊನೆಯಲ್ಲಿ, ಬದುವಿನ ಮೇಲೆ ಕೂತಿದ್ದರು. ಕರೆದರೆ ನೀವೇ ತಿನ್ನಿ ಎಂದು ಕೈಯಾಡಿಸಿದರು. ಅಮ್ಮನೇ ತಿಂದಳು. ನಾನು ಏನು ತಪ್ಪಾಯಿತೆಂದು ಹುಡುಕತೊಡಗಿದೆ. ಹುಡುಕುವುದಕ್ಕೆ ನನಗೆ ಗೊತ್ತಿರುವುದು ಒಂದೇ ಜಾಗ. ನೋಟ್‌ಬುಕ್ಕನ್ನು ಹಿಂದಕ್ಕೆ ತಿರುವುತ್ತ ಹೋದೆ. ಜೂನ್, ಮೇ, ಏಪ್ರಿಲ್, ಮಾರ್ಚ್. ಮುದ್ದೆ ಅರ್ಧ, ಮುದ್ದೆ ಅರ್ಧ, ಮುದ್ದೆ ಮುಕ್ಕಾಲು, ಮುದ್ದೆ ಕಾಲು. ಫೆಬ್ರವರಿಯಲ್ಲಿ, ಆಸ್ಪತ್ರೆಯಿಂದ ಬಿಟ್ಟ ದಿನ, ಡಾಕ್ಟರಮ್ಮ ಹೇಳಿದ್ದನ್ನು ಅವರ ಎದುರಿಗೇ ಬರೆದುಕೊಂಡ ಪುಟ ಸಿಕ್ಕಿತು.

ತೆಂಗಿನಕಾಯಿ, ಕೊಬ್ಬರಿ: ಕಡಿಮೆ. ಎಣ್ಣೆ: ಕಡಿಮೆ. ಮಟನ್: ತಿಂಗಳಿಗೊಮ್ಮೆ, ಕಡಿಮೆ. ಬೀಡಿ: ಬೇಡ.

ನನ್ನದೇ ಅಕ್ಷರ. ಬೇಡ ಎಂದು ಡಾಕ್ಟರಮ್ಮ ಹೇಳಿದ್ದು ಬೀಡಿಗೆ ಮಾತ್ರ. ಮಿಕ್ಕ ಬೇಡಗಳೆಲ್ಲ ನನ್ನವು. ಮನೆಗೆ ಬಂದ ಸಂಜೆ ಗೋಡೆಯ ಪಟ್ಟಿ ಬರೆಯಲು ಕೂತಾಗ ಕಡಿಮೆ ಅಂದರೆ ಎಷ್ಟು ಎಂದು ಯೋಚಿಸಿದ್ದು ನೆನಪಿದೆ. ಒಂದು ಚಮಚವೇ, ಎರಡೇ? ಅಳತೆಯಿಲ್ಲದ ಮಾತನ್ನು ಗೋಡೆಗೆ ಹೇಗೆ ಬರೆಯುವುದು? ಬೇಡ ಎಂದರೆ ಸೊನ್ನೆ, ಅದನ್ನು ಯಾರು ಬೇಕಾದರೂ ಅಳೆಯಬಹುದು. ಹಾಗೆ ಬರೆದೆ, ಮರೆತೆ. ನಾಲ್ಕು ತಿಂಗಳು ಮನೆಮಂದಿಯೆಲ್ಲ ನನ್ನ ಸೊನ್ನೆಯನ್ನು ತಿಂದಿದ್ದರು.

ಗುರುವಾರದಿಂದ ಶನಿವಾರದವರೆಗೆ ಯಾರಿಗೂ ಹೇಳಲಿಲ್ಲ. ಗೋಡೆಯ ಪಟ್ಟಿಯ ಮುಂದೆ ಓಡಾಡುವಾಗಲೆಲ್ಲ ಕೀಳಬೇಕೆನ್ನಿಸುತ್ತಿತ್ತು, ಸುಮ್ಮನೆ ಕಿತ್ತರೆ ಕೇಳುತ್ತಾರೆ ಅನ್ನಿಸುತ್ತಿತ್ತು. ಅಕ್ಕನಿಗೆ ಫೋನ್ ಮಾಡಿ ಮೀನಿನ ವಿಷಯ ಮಾತ್ರ ಮಾತಾಡಿ ಇಟ್ಟೆ. ಭಾನುವಾರ ಬೆಳಿಗ್ಗೆ ಅಪ್ಪನನ್ನು ತಕ್ಕಡಿಯ ಮೇಲೆ ನಿಲ್ಲಿಸಿದಾಗ ಅರವತ್ತು, ಮುನ್ನೂರು ಬಂತು. ತಕ್ಕಡಿಯೇ ಸರಿಯಿಲ್ಲವೇನೋ ಎಂದು ಅವರನ್ನಿಳಿಸಿ ಇಪ್ಪತ್ತು ಕೆ.ಜಿ.ಯ ಕಲ್ಲಿಟ್ಟು ನೋಡಿದೆ. ಇಪ್ಪತ್ತು ಕೆ.ಜಿ.ಯನ್ನು ಅದು ಇಪ್ಪತ್ತೆಂದೇ ತೋರಿಸಿತು.

ಅವತ್ತು ಆರನೆಯ ತುಂಡಿಗೆ ಮಸಾಲೆ ಸವರುತ್ತ, ಮಂಚದ ಕಡೆ ಬೆನ್ನು ಮಾಡಿಕೊಂಡೇ ಹೇಳಿದೆ. ಡಾಕ್ಟರಮ್ಮ ಕಾಯಿ ಬೇಡ ಅಂದಿರಲಿಲ್ಲ, ಕಡಿಮೆ ಮಾಡಿ ಅಂದಿದ್ದರು, ಬೇಡ ಅಂತ ಬರೆದವಳು ನಾನು ಎಂದೆ. ಹಿಂದೆ ಹಗ್ಗದ ಮಂಚ ಕಿರುಗುಟ್ಟಿತು.

‘ನಂಗೊತ್ತು ಕಣವ್ವ,’ ಎಂದರು ಅಪ್ಪ. ‘ಆಯಮ್ಮ ಹೇಳುವಾಗ ನಾನೂ ಅಲ್ಲೇ ಇರ್ಲಿಲ್ವಾ?’

ನಾನು ತಿರುಗಿ ನೋಡಿದೆ.

‘ಮತ್ಯಾಕೆ ಸುಮ್ಕಿದ್ರಿ?’

‘ನೀನು ಅವತ್ತು ಆಂಬುಲೆನ್ಸಲ್ಲಿ ಹೆಂಗಿದ್ದೆ ಅಂತ ನೋಡಿದ್ದೆ. ಆ ಪೇಪರ್ ಅಂಟಿಸಿದ್ ಮೇಲೆ ನಿಂಗೆ ಉಸ್ರು ಬಂತು. ಇನ್ನು ನಾನು ಒಂದ್ ಚೂರು ಕಾಯಿ ತಿಂದು ನಿನ್ ಪಟ್ಟಿ ಕೆಡಿಸ್ಲಾ ಅಂತ.’ ನನ್ನ ನೋಟ್‌ಬುಕ್ಕಿನ ಕಡೆ ಕೈ ತೋರಿಸಿದರು. ‘ಕಾಯಿ ಹೋಗ್ಲಿ ಬುಡು. ನಾನು ಬಾಯಿ ತೆಗುದ್ರೆ ನೀನು ಗೀಟು ಹಾಕ್ತೀಯ. ಗಂಟಲಲ್ಲಿ ಇಳಿಯೋದೆಂಗೆ?’

ನಾನು ಮೀನಿಗೆ ಎರಡನೆಯ ಸಲ ಉಪ್ಪು ಹಾಕಲು ಹೋದೆ. ಅಪ್ಪ ಎದ್ದು ಬಂದು ತಟ್ಟೆ ಇಸಿದುಕೊಂಡರು. ಇನ್ನು ನೀನು ಅದನ್ನ ಮುಟ್ಟಬೇಡ, ಹೋಗಿ ಮಂಚದ ಮೇಲೆ ಕೂತ್ಕೋ ಎಂದರು. ಕೂತೆ. ಅವರು ತುಂಡನ್ನು ಚರ್ಮ ಕೆಳಗೆ ಮಾಡಿ ಇಟ್ಟು ಡ್ರಾಯರ್ ಮುಚ್ಚಿದರು. ಗುಂಡಿ ಎಷ್ಟಕ್ಕೆ ತಿರುಗಿಸಬೇಕೆಂದು ಕೇಳಿ, ನಾನು ಹತ್ತು ಎಂದರೂ ಹದಿನೈದಕ್ಕೆ ತಿರುಗಿಸಿದರು. ಜಾಸ್ತಿಯಾಯಿತು ಎಂದು ನಾನು ಎದ್ದರೆ ಕೈಸನ್ನೆಯಲ್ಲೇ ಕೂರುವಂತೆ ಹೇಳಿದರು. ಅಟ್ಟಕ್ಕೆ ಹಾಕಿದ ಕಾಯಿಯನ್ನು ದಿನಾ ಮೇಲೆ ಹತ್ತಿ ಕದಲಿಸುತ್ತಿದ್ದರೆ ಯಾವತ್ತಾದರೂ ಕೊಬ್ಬರಿಯಾಗುತ್ತದೆಯೇ, ಎಳೆಯದನ್ನು ಅಲ್ಲಾಡಿಸಿದರೆ ಒಳಗೇ ಕೊಳೆಯುತ್ತದೆ ಎಂದರು. ಆಮೇಲೆ ಸ್ಟೂಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕಿವಿಯನ್ನು ಯಂತ್ರದ ಕಡೆ ಮಾಡಿದರು.

ಮೊದಲಿಗೆ ಬರೀ ಗಾಳಿಯ ಸದ್ದು. ನನ್ನ ಕಾಲು ತಾನಾಗಿ ಕುಣಿಯುತ್ತಿತ್ತು, ಅದನ್ನು ಕೈಯಲ್ಲಿ ಒತ್ತಿ ಹಿಡಿದೆ. ಸ್ವಲ್ಪ ಹೊತ್ತಿಗೆ ಗಾಳಿಯ ಕೆಳಗೆ ಇನ್ನೊಂದು ಸದ್ದು ಹುಟ್ಟಿತು, ಸಣ್ಣಗೆ ಚಿರ್ರೆಂದು. ಚರ್ಮದ ಕೆಳಗಿನ ಕೊಬ್ಬು ಕರಗಿ ಜಾಲರಿಯಿಂದ ತೊಟ್ಟಿಕ್ಕುತ್ತಿತ್ತು. ಐದು ಸಲ ಮಾಡಿದರೂ ನಾನು ಅದನ್ನು ಕೇಳಿಸಿಕೊಂಡಿರಲಿಲ್ಲ. ಅಪ್ಪ ಅಲ್ಲಾಡಲಿಲ್ಲ. ಸಾವಿರಾರು ಕಾಯಿಯಲ್ಲಿ ಯಾವುದರಲ್ಲಿ ನೀರಿದೆ, ಯಾವುದು ಒಣಗಿದೆ ಎಂದು ಕಣ್ಣುಮುಚ್ಚಿ ಬೇರೆ ಮಾಡುವ ಕಿವಿ ಅದು. ಚಿರ್ರೆನ್ನುವುದು ಜೋರಾಯಿತು, ಆಮೇಲೆ ತೆಳ್ಳಗಾಯಿತು, ಬಿಟ್ಟುಬಿಟ್ಟು ಚಿಟಕ್ ಚಿಟಕ್ ಎನ್ನತೊಡಗಿತು. ಆಗ ಡ್ರಾಯರ್ ಎಳೆದರು. ಥರ್ಮಾಮೀಟರ್ ಚುಚ್ಚಲೇ ಎಂದು ಕೇಳಿದೆ. ನಿನ್ನ ಸಮಾಧಾನಕ್ಕೆ ಚುಚ್ಚು ಎಂದರು. ಅರವತ್ತನಾಲ್ಕು ಬಂತು.

ಅಮ್ಮ ಅಷ್ಟರಲ್ಲಿ ಒಳಗೆ ಏನೋ ಅರೆಯುತ್ತಿದ್ದಳು. ನಾಲ್ಕು ತಿಂಗಳಿಂದ ಕೇಳದ ಒರಳಿನ ಸದ್ದು. ನಮ್ಮ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಕೊತ್ತಂಬರಿ, ಹಸಿಮೆಣಸಿನಕಾಯಿ, ಹುಣಸೆ, ಒಂದು ಚಮಚ ಹಸಿಕಾಯಿ ತುರಿ. ಒಂದೇ ಚಮಚ ಕಣೇ, ಬೇಕಾದ್ರೆ ಬರ್ಕೋ ಎಂದು ಬಟ್ಟಲು ತಂದಿಟ್ಟಳು. ಬಿಸಿ ಮುದ್ದೆಯ ಪಕ್ಕ ಮೀನು, ಮೀನಿನ ಪಕ್ಕ ಚಟ್ನಿ. ನಾನು ನೋಟ್‌ಬುಕ್ ಮುಚ್ಚಿ ಮಂಚದ ಹಗ್ಗಕ್ಕೆ ಸಿಕ್ಕಿಸಿ, ದನಕ್ಕೆ ನೀರು ಕೊಡುವ ನೆಪದಲ್ಲಿ ಹೊರಗೆ ಹೋದೆ. ಕೊಟ್ಟಿಗೆಯಿಂದ ಅಪ್ಪನ ಬೆನ್ನು ಕಾಣುತ್ತಿತ್ತು. ಮೊಣಕೈ ಏಳುವುದನ್ನು ಎಣಿಸಲು ಶುರುಮಾಡಿದ್ದೆ, ಏಳಕ್ಕೆ ಬಂದಾಗ ಗೊತ್ತಾಗಿ ಹಸುವಿನ ಆಚೆ ಬದಿಗೆ ಹೋಗಿ ನಿಂತೆ. ವಾಪಸು ಬಂದಾಗ ತಟ್ಟೆಯಲ್ಲಿ ಕಾಲು ಮುದ್ದೆ ಉಳಿದಿತ್ತು. ಮೀನು ಇರಲಿಲ್ಲ, ಚರ್ಮವೂ ಇರಲಿಲ್ಲ.

ಅದಾದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಜೂನ್ ಹದಿನೇಳರಂದು ಅರ್ಧ ತುಂಡು ಬಿಟ್ಟರು. ಇಪ್ಪತ್ತೊಂದರ ಭಾನುವಾರ ತೂಕ ಅರವತ್ತು, ಮುನ್ನೂರರಲ್ಲೇ ನಿಂತಿತ್ತು. ನಿಂತಿದೆ ಎನ್ನುವುದೂ ಒಂದು ಸುದ್ದಿಯೇ ಎಂದು ನನಗೆ ನಾನೇ ಹೇಳಿಕೊಂಡು, ಆ ರಾತ್ರಿ ಹಾಸಿಗೆಯಲ್ಲಿ ಹೊರಳಾಡಿದೆ. ಗೋಡೆಯ ಪಟ್ಟಿಯನ್ನು ಅಮ್ಮ ಕಿತ್ತು ಒಲೆಗೆ ಹಾಕಿದ್ದಳು. ಬೀಡಿಯ ಸಾಲನ್ನು ಮಾತ್ರ ಕತ್ತರಿಸಿ ಮತ್ತೆ ಅಂಟಿಸಿದ್ದಳು. ದೊಡ್ಡಪ್ಪ ಒಂದು ಸಂಜೆ ವಾಸನೆ ಹಿಡಿದು ಬಂದು, ಏನ್ಲಾ, ಕೊಬ್ಬರಿಗೆ ಮೀನಿನ ಹೊಗೆ ಕೊಡ್ತಿದೀಯಾ, ಈ ಸಲ ವರ್ತಕರು ನಿನ್ನ ಮಾಲನ್ನ ಊಟದ ಜತೆ ಇಸ್ಕೊತಾರೆ ಎಂದು ಅಪ್ಪನನ್ನು ರೇಗಿಸಿದರು. ಅಪ್ಪ ಅವರನ್ನೂ ಕೂರಿಸಿ ಚಿರ್ರೆನ್ನುವ ಸದ್ದು ಕೇಳಿಸಿದರು. ಇಪ್ಪತ್ತೆಂಟರಂದು ಅರವತ್ತು, ಎಂಟುನೂರು.

ಜುಲೈ ಎರಡು. ಆಸ್ಪತ್ರೆಯ ತಕ್ಕಡಿ ನಮ್ಮದಕ್ಕಿಂತ ಕಡಿಮೆ ತೋರಿಸಬಹುದೆಂಬ ಯೋಚನೆ ತುರುವೇಕೆರೆ ರಸ್ತೆಯ ಮೊದಲ ಬಸ್ಸಿನಿಂದಲೇ ಹತ್ತಿಕೊಂಡಿತ್ತು. ಆಸ್ಪತ್ರೆಯಲ್ಲಿ ಅಪ್ಪ ಚಪ್ಪಲಿ ಬಿಟ್ಟು ತಕ್ಕಡಿ ಹತ್ತಿದರು. ಕಿಸೆಯಲ್ಲಿದ್ದ ಬೀಗದ ಕೈಗೊಂಚಲನ್ನು ತೆಗೆದು ನನ್ನ ಕೈಗೆ ಕೊಟ್ಟರು. ಅದು ಇರಲಿ ಬಿಡಿ ಎನ್ನಬೇಕೆನ್ನಿಸಿತು. ಅಂಕಿ ಓಡಿ ಓಡಿ ನಿಂತಿತು: ಅರವತ್ತು, ಐನೂರು. ಡಾಕ್ಟರಮ್ಮ ಬರೆದುಕೊಂಡು, ನಾಡಿ ನೋಡಿ, ಇಳಿಯೋದು ನಿಂತಿದೆ, ಅಡ್ಮಿಷನ್ ಬೇಡ, ಹೀಗೇ ತಿನ್ನಿ, ಮೂರು ತಿಂಗಳು ಬಿಟ್ಟು ಬನ್ನಿ ಎಂದರು. ನಾನು ನೋಟ್‌ಬುಕ್ ತೆಗೆದು, ಕಾಯಿ ಕಡಿಮೆ ಅಂದರೆ ದಿನಕ್ಕೆ ಎಷ್ಟು ಚಮಚ ಎಂದು ಕೇಳಿದೆ. ಅವರು ನಕ್ಕು ಎರಡು ಎಂದರು. ಬರೆದುಕೊಂಡೆ.

ವಾಪಸು ಬರುವಾಗ ಈ ಸಲವೂ ಅಪ್ಪ ಕಿಟಕಿಯ ಪಕ್ಕ ಕೂತಿದ್ದರು. ಬಸ್ಸು ಊರು ದಾಟಿದ ಮೇಲೆ, ಮೀನು ಎಷ್ಟು ಉಳಿದೈತೆ ಎಂದು ಕೇಳಿದರು. ಒಂದು ಎಂದೆ.

‘ಅದನ್ನ ನೀನು ತಿನ್ನು.’

‘ಅದು ನಿಮ್ಮದು. ಹನ್ನೆರಡೂ ನಿಮಗಂತ ಲೆಕ್ಕ ಹಾಕಿ ತಂದಿರೋದು.’

‘ಹನ್ನೊಂದು ಸಲ ಮಾಡ್ದೆ. ನಾಯಿಗೊಂದು ಹೋಯ್ತು, ನಿಮ್ಮವ್ವ ತಿಂದ್ಲು, ನಿಮ್ಮ ದೊಡ್ಡಪ್ಪಾನೂ ಒಂದ್ ಚೂರು ತಿಂದ. ನೀನು ಒಂದ್ ಸಲಾನಾದ್ರೂ ಬಾಯಿಗಿಟ್ಕೊಂಡ್ಯಾ? ನಾನೂ ನೋಡ್ತಾನೇ ಇದೀನಿ.’

ಬಸ್ಸಿನಲ್ಲೇ ಪುಟ ತೆಗೆದು ನೋಡಿದೆ. ನನ್ನ ತುತ್ತು ಬರೆಯಲು ನಾನು ಕಲಮೇ ಎಳೆದಿರಲಿಲ್ಲ.

ಭಾನುವಾರ ಹನ್ನೆರಡನೆಯ ತುಂಡನ್ನು ಅಪ್ಪನೇ ಮಾಡಿದರು. ನನ್ನನ್ನು ಮಂಚದ ಮೇಲೆ ಕೂರಿಸಿ ತಟ್ಟೆಯನ್ನು ತೊಡೆಯ ಮೇಲಿಟ್ಟು, ಎದುರಿಗೆ ತಾವು ಕುಕ್ಕರುಗಾಲಲ್ಲಿ ಕೂತರು. ನಾನು ಮೊದಲ ತುತ್ತನ್ನು ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡೆ. ಬಿಸಿಯಿತ್ತು, ಮೇಲೆ ಮೆಣಸು ಚುರುಗುಟ್ಟಿತು, ಕೆಳಗೆ ಮೆತ್ತಗೆ. ಅಪ್ಪ ನೆಲದ ಮಣ್ಣಿನ ಮೇಲೆ ಬೆರಳಿಂದ ಒಂದು ಗೀಟು ಎಳೆದರು. ಎರಡನೆಯದಕ್ಕೆ ಇನ್ನೊಂದು. ನಾನು ತಿನ್ನುವುದನ್ನು ನಿಲ್ಲಿಸಿ ಅವರನ್ನು ನೋಡಿದೆ. ‘ಈಗ ಇಳಿಯುತ್ತಾ ಹೇಳು,’ ಎಂದು ಅಂಗೈಯಿಂದ ಎರಡನ್ನೂ ಅಳಿಸಿದರು. ಆಮೇಲೆ ಅರ್ಧ ತುಂಡನ್ನು ಅವರ ಕೈಗೆ ಹಾಕಿದೆ, ಬೇಡ ಎನ್ನಲಿಲ್ಲ.